ಉಣ್ಣಲಾರದ ಮಕ್ಕಳು: ಮಲಪ್ರಭೆಯ ಸೀಮೆಗೆ ಒಪ್ಪುವ ಊಟದ ಚಿಕಿತ್ಸೆ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನರಿಯದ ಕನ್ನಡಿಗರು ವಿರಳ. ಹಿತಮಿತವಾಗಿ ಉಣ್ಣಬೇಕೆಂಬ ಅರ್ಥದಲ್ಲಿಯೇ ಅದನ್ನು ಸಾಮಾನ್ಯವಾಗಿ ಬಳಸಲಾಗುತ್ತದೆ. ಆದರೆ ಅದರಲ್ಲಿಯ ‘ಬಲ್ಲ’ ಎಂಬ ಪದವು ಬೇರೊಂದು ಸಂಗತಿಯನ್ನೂ ನೆನಪಿಗೆ ತರುತ್ತದೆ. ಮಾತು ಹೇಗೆ ಕಲಿತು ಬರುವ ವಿದ್ಯೆಯೋ ಊಟವೂ ಹಾಗೆಯೇ ಕಲಿತು ಬರುವ ವಿದ್ಯೆ. ಬಹುಪಾಲು ಮಕ್ಕಳು ಇದನ್ನು ಯಾರೂ ಕಲಿಸಿದರೆಂಬ ಅರಿವಿಲ್ಲದೆಯೇ ಕಲಿಯುತ್ತಾರಾದುದರಿಂದ, ಕಲಿಯಲಾರದ ಮಗು ಎದುರಾದಾಗ ನಾವು ಅದನ್ನು ಹಟಮಾರಿಯೆನ್ನುತ್ತೇವೆ. ಇಲ್ಲವೆ ತಾಯಿಗೆ ಉಣಿಸಲು ಬಾರದೆನ್ನುತ್ತೇವೆ. ದೃಷ್ಟಿ ತೆಗೆಯುವುದು, ಜಂತುಹುಳದ ಔಷಧಿ ಕೊಡಿಸುವುದು, ಕೊನೆಗೆ ಮೂಗು ಹಿಡಿದು ಬಾಯಿಗೆ ಸುರಿಯುವುದು, ಇವು ಒಂದಾದ ಮೇಲೊಂದರಂತೆ ನಡೆಯುತ್ತವೆ. ಮಗುವಿಗೆ ಉಣ್ಣಲು ಮನಸ್ಸಿಲ್ಲವೋ, ಉಣ್ಣಲು ಬರುವುದಿಲ್ಲವೋ ಎಂಬ ಮೊದಲ ಪ್ರಶ್ನೆ ಮಾತ್ರ ಉಳಿದೇ ಹೋಗುತ್ತದೆ.

ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಬಗೆಯನ್ನೂ, ಉಣ್ಣಲು ತೊಡಕುಪಡುವ ಮಕ್ಕಳಿಗೆ ಇಂದು ನೀಡಲಾಗುತ್ತಿರುವ ಊಟದ ಚಿಕಿತ್ಸೆಯ ತತ್ತ್ವಗಳನ್ನೂ, ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗದ ಮನೆಗಳಲ್ಲಿ ಅವನ್ನು ಅಳವಡಿಸಬಹುದಾದ ರೀತಿಯನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಉಣ್ಣುವ ಕ್ರಿಯೆಯ ಸ್ವರೂಪ

ಒಂದು ತುತ್ತು ಬಾಯಿಂದ ಹೊಟ್ಟೆಗೆ ಇಳಿಯುವುದು ನೋಡುವವರಿಗೆ ಸರಳವಾಗಿ ತೋರುತ್ತದೆ. ವಾಸ್ತವವಾಗಿ ತುಟಿ, ದವಡೆ, ನಾಲಿಗೆ, ಅಂಗುಳ ಮತ್ತು ಗಂಟಲಿನ ಸುಮಾರು ೩೦ ಸ್ನಾಯುಗಳು ಮೆದುಳಿನಿಂದ ಹೊರಡುವ ಹಲವು ನರಗಳ ಅಂಕೆಯಲ್ಲಿ ಸರದಿ ತಪ್ಪದೆ ದುಡಿದಾಗಲೇ ಅದು ಸಾಧ್ಯ. ಗಂಟಲಿನಲ್ಲಿ ಗಾಳಿಯ ದಾರಿಯೂ ಅನ್ನದ ದಾರಿಯೂ ಒಂದನ್ನೊಂದು ಹಾಯುತ್ತವೆ. ನುಂಗುವ ಕ್ಷಣದಲ್ಲಿ ಉಸಿರು ನಿಲ್ಲಬೇಕು, ಧ್ವನಿಪೆಟ್ಟಿಗೆ ಮೇಲೆದ್ದು ಮುಚ್ಚಿಕೊಳ್ಳಬೇಕು, ಅನ್ನನಾಳದ ಬಾಯಿ ತೆರೆಯಬೇಕು. ಈ ಸರದಿಯಲ್ಲಿ ಅರೆಕ್ಷಣದ ವ್ಯತ್ಯಾಸವಾದರೂ ಆಹಾರವು ಶ್ವಾಸನಾಳದತ್ತ ಜಾರುತ್ತದೆ. ಆರೋಗ್ಯವಂತರು ಕೆಮ್ಮಿ ಅದನ್ನು ಹೊರಹಾಕುತ್ತಾರೆ. ನರಗಳ ದೋಷವುಳ್ಳ ಕೆಲವು ಮಕ್ಕಳಿಗೆ ಆ ಕೆಮ್ಮೂ ಬರುವುದಿಲ್ಲ. ಮನೆಯವರಿಗೆ ಗೊತ್ತಾಗದಂತೆ ಆಹಾರ ಶ್ವಾಸಕೋಶ ಸೇರಿ, ಮಗು ಪದೇಪದೇ ನ್ಯುಮೋನಿಯಾಕ್ಕೆ ತುತ್ತಾಗುತ್ತದೆ.

ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರರ ಹೊಂದಾಣಿಕೆಯು ಗರ್ಭದ ಸುಮಾರು ೩೪ನೆಯ ವಾರದ ಹೊತ್ತಿಗೆ ಕೂಡಿಬರುತ್ತದೆ. ಅದಕ್ಕೆ ಮೊದಲೇ ಜನಿಸಿದ ಶಿಶುವು ಹಸಿವಿದ್ದರೂ ಮೊಲೆ ಚೀಪಲಾರದೆ ದಣಿಯುವುದು ಇದೇ ಕಾರಣದಿಂದ.

೨. ಕಲಿಕೆಯ ಹದಗಾಲ

ಹುಟ್ಟಿದಾಗ ಮಗುವಿಗೆ ಚೀಪುವುದಷ್ಟೇ ಗೊತ್ತು. ಗಟ್ಟಿ ಪದಾರ್ಥ ಬಾಯಿಗೆ ಬಂದರೆ ನಾಲಿಗೆ ತಾನಾಗಿ ಅದನ್ನು ಹೊರದಬ್ಬುತ್ತದೆ. ನಾಲ್ಕರಿಂದ ಆರು ತಿಂಗಳ ನಡುವೆ ಈ ಪ್ರವೃತ್ತಿ ಅಳಿಯುತ್ತ ಬರುತ್ತದೆ. ಆರು ತಿಂಗಳು ತುಂಬಿದ ಮೇಲೆ ದವಡೆಯನ್ನು ಮೇಲೆಕೆಳಗೆ ಆಡಿಸಿ ಅರೆಯುವುದು, ಮುಂದೆ ನಾಲಿಗೆಯಿಂದ ತುತ್ತನ್ನು ಪಕ್ಕಕ್ಕೆ ಸರಿಸುವುದು, ಆಮೇಲೆ ದವಡೆಯನ್ನು ಸುತ್ತಾಡಿಸಿ ಅಗಿಯುವುದು ಕ್ರಮವಾಗಿ ಬರುತ್ತವೆ. ಅಗಿಯುವ ಕ್ರಿಯೆ ಪಕ್ವವಾಗಲು ಎರಡು ಮೂರು ವರ್ಷಗಳಾದರೂ ಬೇಕು.

ಈ ಕಲಿಕೆಗೂ ಹೊಲದ ಬಿತ್ತನೆಯಂತೆ ಒಂದು ಹದವುಂಟು. ಇಂಗ್ಲೆಂಡಿನ ಶೆಫೀಲ್ಡ್ ನಗರದ ಮಕ್ಕಳ ವೈದ್ಯ ಇಲ್ಲಿಂಗ್‌ವರ್ತ್ ಮತ್ತು ಅವರ ಸಹೋದ್ಯೋಗಿ ಲಿಸ್ಟರ್ ೧೯೬೪ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಅಗಿಯಲು ಸಿದ್ಧವಾದ ಕಾಲದಲ್ಲಿ ಗಟ್ಟಿ ಆಹಾರ ದೊರೆಯದ ಮಕ್ಕಳು ಮುಂದೆ ಅದನ್ನು ಸ್ವೀಕರಿಸಲು ಬಹಳ ಕಷ್ಟಪಡುತ್ತಾರೆಂದು ತೋರಿಸಿಕೊಟ್ಟರು. ಅದೇ ದೇಶದ ಏವನ್ ಪ್ರಾಂತದ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಅನುಸರಿಸಿದ ಅಧ್ಯಯನವೊಂದು ಇದನ್ನು ಸಮರ್ಥಿಸಿತು. ಹತ್ತು ತಿಂಗಳು ತುಂಬುವವರೆಗೂ ಗಂಟುಗಂಟಾದ ಆಹಾರವನ್ನು ಕಾಣದ ಮಕ್ಕಳಲ್ಲಿ ಹದಿನೈದನೆಯ ತಿಂಗಳ ಹೊತ್ತಿಗೆ ಊಟದ ತಕರಾರು ಹೆಚ್ಚಾಗಿದ್ದಿತೆಂದು ೨೦೦೧ರಲ್ಲಿ ಪ್ರಕಟವಾದ ಅದರ ಫಲಿತಾಂಶಗಳು ತಿಳಿಸುತ್ತವೆ.

ನಮ್ಮ ಸೀಮೆಯಲ್ಲಿ ಹಲ್ಲು ಪೂರಾ ಬರಲೆಂದು ಕಾಯುತ್ತ, ಮಗುವನ್ನು ವರ್ಷ ಒಂದೂವರೆ ವರ್ಷದವರೆಗೆ ಹಾಲು, ತೆಳ್ಳನೆಯ ಗಂಜಿ, ಚಹಾದಲ್ಲಿ ಅದ್ದಿದ ಬಿಸ್ಕತ್ತುಗಳ ಮೇಲೆಯೇ ಇರಿಸುವ ಮನೆಗಳುಂಟು. ಮೆತ್ತನೆಯ ತುತ್ತನ್ನು ನುರಿಸಲು ಹಲ್ಲು ಬೇಕಿಲ್ಲ, ಒಸಡೇ ಸಾಕು. ಹಲ್ಲಿಗಾಗಿ ಕಾಯುವಷ್ಟರಲ್ಲಿ ಕಲಿಕೆಯ ಹದ ತಪ್ಪುತ್ತದೆ. ಚಹಾ ಆಹಾರದಲ್ಲಿಯ ಕಬ್ಬಿಣವು ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಅತಿಯಾದ ಹಾಲು ಹೊಟ್ಟೆ ತುಂಬಿಸಿ ಬೇರೆ ಊಟಕ್ಕೆ ಎಡೆಯಿಲ್ಲದಂತೆ ಮಾಡುತ್ತದೆ. ಕಬ್ಬಿಣದ ಕೊರತೆಯಿಂದ ಹಸಿವೆ ಕುಗ್ಗುತ್ತದೆ. ಹಸಿವೆ ಕುಗ್ಗಿದುದರಿಂದ ಕೊರತೆ ಬೆಳೆಯುತ್ತದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ ೬೫.೫ರಷ್ಟು ರಕ್ತಹೀನರು, ಐದು ವರ್ಷದೊಳಗಿನವರಲ್ಲಿ ಶೇಕಡಾ ೩೫.೪ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಇವರೆಲ್ಲರೂ ಉಣ್ಣಲಾರದವರೆಂದಲ್ಲ; ಬಡತನವೂ ಪದೇಪದೇ ಬರುವ ರೋಗರುಜಿನಗಳೂ ಇದಕ್ಕೆ ಕಾರಣವಾಗಿವೆ. ಆದರೆ ಈ ದೊಡ್ಡ ಗುಂಪಿನೊಳಗೆ, ಎದುರಿಗೆ ಅನ್ನವಿದ್ದರೂ ಉಣ್ಣಲು ಬಾರದ ಮಗು ಎದ್ದು ಕಾಣದೆ ಬೆರೆತುಹೋಗುತ್ತದೆ ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ.

೩. ಉಣ್ಣದಿರುವುದರ ಕಾರಣಗಳು

ತಜ್ಞರು ೨೦೧೯ರಲ್ಲಿ ಒಮ್ಮತದಿಂದ ಪ್ರಕಟಿಸಿದ ವ್ಯಾಖ್ಯೆಯಂತೆ, ಮಗುವಿನ ಊಟವು ವಯಸ್ಸಿಗೆ ತಕ್ಕಂತಿಲ್ಲದೆ ಕನಿಷ್ಠ ಎರಡು ವಾರ ಮುಂದುವರಿದು, ಅದರ ಜೊತೆಗೆ ವೈದ್ಯಕೀಯ, ಪೌಷ್ಟಿಕ, ಉಣ್ಣುವ ಕೌಶಲದ ಅಥವಾ ಮನಸ್ಸು-ಮನೆತನಗಳಿಗೆ ಸಂಬಂಧಿಸಿದ ತೊಂದರೆಯಿದ್ದರೆ ಅದನ್ನು ಊಟದ ದೋಷವೆಂದು ಪರಿಗಣಿಸಬೇಕು. ಈ ನಾಲ್ಕು ಮುಖಗಳನ್ನೂ ಒಟ್ಟಿಗೆ ನೋಡಬೇಕೆಂಬುದು ಈ ವ್ಯಾಖ್ಯೆಯ ಸಾರ.

ಸೀಳು ಅಂಗುಳದ ಶಿಶುವಿಗೆ ಬಾಯಿಯಲ್ಲಿ ಚೀಪುವ ಒತ್ತಡ ಕೂಡದು, ಹಾಲು ಮೂಗಿನಿಂದ ಹೊರಬರುತ್ತದೆ. ಹೃದಯದ ಜನ್ಮದೋಷವುಳ್ಳ ಶಿಶು ನಾಲ್ಕು ಗುಟುಕಿಗೇ ಬೆವರಿ ದಣಿದು ಮಲಗುತ್ತದೆ. ಮೆದುಳಿನ ಪೆಟ್ಟಿನಿಂದಾದ ಸೆರೆಬ್ರಲ್ ಪಾಲ್ಸಿಯಲ್ಲಿ ಕತ್ತು ಹಿಂದಕ್ಕೆ ಸೆಟೆದು, ಚಮಚ ತಾಗಿದೊಡನೆ ದವಡೆ ಕಚ್ಚಿಕೊಳ್ಳುತ್ತದೆ. ಡೌನ್ ಸಿಂಡ್ರೋಮ್ ಇರುವ ಮಗುವಿನ ಸ್ನಾಯುಗಳು ಸಡಿಲ. ನಾಲಿಗೆ ಹೊರಚಾಚಿ ತುತ್ತು ಜಾರುತ್ತದೆ. ಆಟಿಸಂ ಇರುವ ಮಗುವಿಗೆ ಕೆಲವೊಮ್ಮೆ ಬಣ್ಣ, ವಾಸನೆ, ಸ್ಪರ್ಶಗಳೇ ಅಡ್ಡಿ. ಅದು ಒಂದೆರಡು ಪದಾರ್ಥಗಳನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಹೊಟ್ಟೆಯ ಹುಳಿ ಮೇಲೇರಿ ಎದೆಯುರಿದ ಮಗುವಿಗೆ ಊಟವೆಂದರೆ ನೋವೆಂಬ ಪಾಠವಾಗಿರುತ್ತದೆ. ಬಹುಕಾಲ ಮೂಗಿನ ನಳಿಕೆಯ ಮೂಲಕ ಹಾಲು ಕುಡಿದ ಶಿಶುವಿಗೆ ಬಾಯಿಗೆ ಬಂದ ಪ್ರತಿಯೊಂದು ವಸ್ತುವೂ ಭಯದ ವಸ್ತುವೇ. ಇವರೆಲ್ಲರೂ ಮಾಡುವುದು ಒಂದೇ: ಬಾಯಿ ಮುಚ್ಚಿ ಮೋರೆ ತಿರುಗಿಸುವುದು. ಒಂದೇ ಲಕ್ಷಣದ ಹಿಂದೆ ಇಷ್ಟೊಂದು ಕಾರಣಗಳಿರುವಾಗ ‘ಹಟ’ ಎಂಬ ಒಂದೇ ಪದ ಅದನ್ನು ವಿವರಿಸಲಾರದು.

೪. ಒಳಲೆಯ ಎರಡು ಮುಖಗಳು

ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ಶಿಶುವಿಗೆ ಹಾಲು ಹಾಕುವ ಒಳಲೆ ಚಿರಪರಿಚಿತ ಪಾತ್ರೆ. ಚಿಕ್ಕ ಬಟ್ಟಲಿಗೆ ಕೊಕ್ಕಿನಂತಹ ಮೂತಿ ಇದರ ಆಕಾರ. ಇದೇ ಪಾತ್ರೆಯನ್ನು ತಮಿಳು, ಮಲಯಾಳ ಸೀಮೆಗಳಲ್ಲಿ ಪಾಲಾಡೈ ಎನ್ನುತ್ತಾರೆ. ಮಲ್ಹೋತ್ರಾ ಮತ್ತು ಅವರ ಸಂಗಡಿಗರು ಭಾರತದಲ್ಲಿ ನಡೆಸಿ ೧೯೯೯ರಲ್ಲಿ ಪ್ರಕಟಿಸಿದ ತುಲನಾತ್ಮಕ ಪರೀಕ್ಷೆಯೊಂದು, ನವಜಾತ ಶಿಶುಗಳಿಗೆ ಹಾಲುಣಿಸುವಲ್ಲಿ ಬಟ್ಟಲು ಮತ್ತು ಬಾಟಲಿಗಳಿಗಿಂತ ಈ ಪಾತ್ರೆಯು ಉಪಯುಕ್ತವೆಂದು ತೋರಿಸಿತು. ಮೊಲೆ ಚೀಪಲಾರದ ಶಿಶುವಿಗೆ ತಾಯಿಯ ಹಾಲನ್ನೇ ಹಿಂಡಿ ಇದರಿಂದ ಕುಡಿಸುವುದು ಇಂದು ಅನೇಕ ಆಸ್ಪತ್ರೆಗಳಲ್ಲಿ ರೂಢಿಯಲ್ಲಿದೆ.

ಆದರೆ ಅದೇ ಒಳಲೆಯು ಬಲವಂತದ ಸಾಧನವೂ ಆಗಿದೆ. ಮಗುವನ್ನು ಚಾಚಿದ ಕಾಲಿನ ಮೇಲೆ ಅಂಗಾತ ಮಲಗಿಸಿ, ಕೈಗಳನ್ನು ಒತ್ತಿಹಿಡಿದು, ಅಳುವ ಬಾಯಿಗೆ ಗಂಜಿಯನ್ನೋ ಹರಳೆಣ್ಣೆಯನ್ನೋ ಹೊಯ್ಯುವುದು ಹಲವು ಕಡೆ ನಡೆದುಬಂದ ಪದ್ಧತಿ. ಅಳುವ ಮಗು ಉಸಿರೆಳೆಯುವಾಗ ಶ್ವಾಸನಾಳ ತೆರೆದಿರುತ್ತದೆ; ಅಂಗಾತ ಮಲಗಿದಾಗ ದ್ರವವು ನುಂಗುವ ಮೊದಲೇ ಗಂಟಲಿಗೆ ಇಳಿಯುತ್ತದೆ. ಎಣ್ಣೆ ತುಪ್ಪಗಳು ಹೀಗೆ ಶ್ವಾಸಕೋಶ ಸೇರಿದರೆ ಕೆಮ್ಮನ್ನೂ ಎಬ್ಬಿಸದೆ ಒಳಗೇ ಉಳಿದು, ವಾಸಿಯಾಗಲು ಬಹುಕಾಲ ಹಿಡಿಯುವ ನ್ಯುಮೋನಿಯಾವನ್ನು ಉಂಟುಮಾಡುತ್ತವೆ. ಆದುದರಿಂದ ದೋಷ ಪಾತ್ರೆಯದಲ್ಲ, ಅದನ್ನು ಹಿಡಿಯುವ ರೀತಿಯದು. ಶಿಶುವನ್ನು ತೊಡೆಯ ಮೇಲೆ ತಲೆ ಎತ್ತರವಾಗುವಂತೆ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಯ ಮೇಲೆ ಬಾಯಿಯ ಮೂಲೆಗೆ ತಾಗಿಸಿ, ಒಂದು ಗುಟುಕು ನುಂಗಿ ಉಸಿರಾಡಿದ ಮೇಲೆಯೇ ಇನ್ನೊಂದು ಗುಟುಕನ್ನು ಕೊಡಬೇಕು. ನಿದ್ರೆಯಲ್ಲಿರುವ ಅಥವಾ ಅಳುತ್ತಿರುವ ಮಗುವಿಗೆ ಏನನ್ನೂ ಹಾಕಕೂಡದು.

ಬಲವಂತದಿಂದ ಇನ್ನೊಂದು ಹಾನಿಯುಂಟು. ಇಂದು ಎರಡು ತುತ್ತು ಒಳಹೋದರೂ ನಾಳೆ ತಟ್ಟೆಯನ್ನು ಕಂಡೊಡನೆಯೇ ಮಗು ಬೆದರುತ್ತದೆ. ಶರೀರದ ತೊಂದರೆ ವಾಸಿಯಾದ ಮೇಲೂ ಈ ಬೆದರಿಕೆ ಉಳಿಯುತ್ತದೆ; ಅದನ್ನು ಕಳೆಯುವುದೇ ಚಿಕಿತ್ಸೆಯ ಅತಿ ದೀರ್ಘವಾದ ಭಾಗವಾಗುತ್ತದೆ.

೫. ಚಿಕಿತ್ಸೆಯ ಕ್ರಮ

ಊಟದ ಚಿಕಿತ್ಸೆಯಲ್ಲಿ ವಿಶೇಷ ಔಷಧಿಯಿಲ್ಲ. ಮೊದಲು ವೈದ್ಯರು ಹೃದಯ, ಅಂಗುಳ, ನರ, ಜಠರಗಳ ದೋಷಗಳನ್ನು ಪರೀಕ್ಷಿಸಿ ಅವುಗಳಿಗೆ ಉಪಚಾರ ಮಾಡಬೇಕು. ಅನಂತರ ಮಾತಿನ ಚಿಕಿತ್ಸಕರು, ಅಂದರೆ ವಾಕ್ ತಜ್ಞರು, ಉಣ್ಣುವ ಕೌಶಲವನ್ನು ಕಲಿಸುತ್ತಾರೆ. ಮಾತು ಕಲಿಸುವವರು ಊಟವನ್ನೂ ಕಲಿಸುವುದು ಮೊದಲಿಗೆ ವಿಚಿತ್ರವಾಗಿ ಕಾಣಬಹುದು; ಆದರೆ ತುಟಿ, ನಾಲಿಗೆ, ಅಂಗುಳಗಳು ಎರಡಕ್ಕೂ ಒಂದೇ. ಊಟವನ್ನೂ ಮಾತನ್ನೂ ಜೊತೆಗಿರಿಸಿದ ಗಾದೆಯು ಈ ಸಂಬಂಧಕ್ಕೂ ಒಪ್ಪುತ್ತದೆ. ಚಿಕಿತ್ಸೆಯ ಮುಖ್ಯ ಅಂಗಗಳು ನಾಲ್ಕು.

ಮೊದಲನೆಯದು ಕೂಡ್ರಿಸುವ ಭಂಗಿ. ನಡು ಅಲುಗಾಡಿದರೆ ದವಡೆ ನಿಲ್ಲದು. ಬೆನ್ನಿಗೆ ಆಧಾರ, ಪಾದಕ್ಕೆ ನೆಲೆ, ಗದ್ದವು ಕೊಂಚ ಎದೆಯ ಕಡೆಗೆ ಬಾಗಿರುವುದು, ಇಷ್ಟನ್ನು ಸಾಧಿಸಿದ ಮಾತ್ರಕ್ಕೇ ಅನೇಕ ಮಕ್ಕಳ ಕೆಮ್ಮು ಕಡಿಮೆಯಾಗುತ್ತದೆ. ಉಣಿಸುವವರು ಮಗುವಿನ ಮುಖಕ್ಕೆ ಸಮನಾಗಿ ಎದುರು ಕೂಡಬೇಕು. ನಿಂತು ಉಣಿಸಿದರೆ ಮಗು ಕತ್ತೆತ್ತುತ್ತದೆ, ಗಂಟಲಿನ ದಾರಿ ಅಪಾಯಕರವಾಗುತ್ತದೆ.

ಎರಡನೆಯದು ಆಹಾರದ ಹದ. ನೀರು ಎಲ್ಲಕ್ಕಿಂತ ಸುಲಭವೆಂಬುದು ಜನಸಾಮಾನ್ಯರ ನಂಬಿಕೆ. ನುಂಗುವ ತೊಂದರೆಯುಳ್ಳ ಮಗುವಿಗೆ ಅನೇಕ ವೇಳೆ ನೀರೇ ಕಠಿಣ. ಅದು ಬಾಯಿಯಲ್ಲಿ ನಿಲ್ಲದೆ ಓಡುತ್ತದೆ. ದ್ರವದಿಂದ ಗಟ್ಟಿಯವರೆಗೆ ಆಹಾರವನ್ನು ಎಂಟು ಹಂತಗಳಲ್ಲಿ ವಿಂಗಡಿಸುವ ಅಂತರರಾಷ್ಟ್ರೀಯ ಕ್ರಮವೊಂದು ಇತ್ತೀಚೆಗೆ ಬಳಕೆಗೆ ಬಂದಿದೆ. ಪ್ರತಿ ಮಗುವಿಗೂ ಸುರಕ್ಷಿತವಾದ ಹಂತವನ್ನು ಕಂಡುಹಿಡಿದು ಅಲ್ಲಿಂದ ಒಂದೊಂದೇ ಮೆಟ್ಟಿಲು ಏರಿಸುವುದು ಚಿಕಿತ್ಸೆಯ ಮರ್ಮ.

ಮೂರನೆಯದು ವೇಗ ಮತ್ತು ಪ್ರಮಾಣ. ಚಿಕ್ಕ ಚಪ್ಪಟೆ ಚಮಚವನ್ನು ನಾಲಿಗೆಯ ಮೇಲೆ ಮೆಲ್ಲನೆ ಒತ್ತಿ, ಮಗು ತಾನೇ ತುಟಿ ಮುಚ್ಚುವವರೆಗೆ ಕಾಯಬೇಕು; ಮೇಲ್ದುಟಿಗೆ ಒರೆಸಬಾರದು. ಊಟ ಅರ್ಧ ಗಂಟೆ ಮೀರಬಾರದು. ಅದಕ್ಕೂ ಮಿಕ್ಕಿ ಎಳೆದರೆ ಮಗು ಉಂಡುದಕ್ಕಿಂತ ಹೆಚ್ಚು ದಣಿಯುತ್ತದೆ.

ನಾಲ್ಕನೆಯದು ಪರಿಚಯ. ಹೊಸ ಪದಾರ್ಥವನ್ನು ಮಗು ಒಪ್ಪಿಕೊಳ್ಳಲು ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ಅದನ್ನು ಕಾಣಬೇಕಾಗುತ್ತದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಮೊದಲು ನೋಡುವುದು, ಮುಟ್ಟುವುದು, ಮೂಸುವುದು, ತುಟಿಗೆ ತಾಗಿಸುವುದು, ತಿನ್ನುವುದು ಕೊನೆಯದು. ಎರಡು ಸಲ ಉಗುಳಿದ ಮಾತ್ರಕ್ಕೆ ‘ನಮ್ಮ ಕೂಸಿಗೆ ಇದು ಸೇರದು’ ಎಂದು ಕೈಬಿಡುವುದು ಆತುರದ ತೀರ್ಮಾನ. ಏನನ್ನು, ಎಲ್ಲಿ, ಯಾವಾಗ ಬಡಿಸಬೇಕೆಂಬುದು ಹಿರಿಯರ ಹೊಣೆ. ಎಷ್ಟು ಉಣ್ಣಬೇಕೆಂಬುದು ಮಗುವಿನ ನಿರ್ಣಯ.

ಈ ಬಗೆಯ ಪ್ರತಿಸ್ಪಂದನೆಯ ಉಣಿಸುವಿಕೆ ನಮ್ಮ ಹಳ್ಳಿಗಳಲ್ಲಿ ನಡೆಯಲಾರದೆಂದು ಶಂಕಿಸುವವರು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಷಹನಾಜ್ ವಜೀರ್ ಮತ್ತು ಸಂಗಡಿಗರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಬೇಕು. ನಲ್ಲಗೊಂಡ ಸೀಮೆಯ ೬೦ ಹಳ್ಳಿಗಳಲ್ಲಿ ನಡೆದ ಆ ಪ್ರಯೋಗದಲ್ಲಿ ಮನೆಮನೆಗೆ ಹೋಗಿ ತಾಯಂದಿರಿಗೆ ತಿಳಿವಳಿಕೆ ನೀಡಲಾಯಿತು. ಆಹಾರದ ಜೊತೆಗೆ ಮಗುವಿನ ಸನ್ನೆಗಳನ್ನರಿತು ಉಣಿಸುವುದನ್ನೂ ಆಡಿಸುವುದನ್ನೂ ಕಲಿತ ತಾಯಂದಿರ ಮಕ್ಕಳಲ್ಲಿ ಮಾನಸಿಕ ಬೆಳವಣಿಗೆಯ ಅಂಕಗಳೂ ಉತ್ತಮವಾಗಿದ್ದವು.

೬. ನಾಲ್ಕು ಊರುಗಳ ಅಡಿಗೆಮನೆ

ಮಲಪ್ರಭೆಯ ದಂಡೆಯ ಈ ಸೀಮೆ ಜೋಳದ ಸೀಮೆ. ಆಹಾರದ ಹದದ ಮೆಟ್ಟಿಲುಗಳನ್ನು ಕಟ್ಟಲು ಪೇಟೆಯ ಡಬ್ಬಿಗಳೇ ಬೇಕೆಂದಿಲ್ಲ. ಇಲ್ಲಿಯ ಅಡಿಗೆಯಲ್ಲಿಯೇ ಅವು ಇವೆ. ಕಾಯಿಸುವ ಹೊತ್ತಿಗೆ ತಕ್ಕಂತೆ ಜೋಳದ ಅಂಬಲಿಯನ್ನು ತೆಳ್ಳಗೂ ಮಂದವಾಗಿಯೂ ಮಾಡಬಹುದು. ಚಮಚದಿಂದ ಸುರಿದಾಗ ನೀರಿನಂತೆ ಹರಿಯದೆ ನಿಧಾನವಾಗಿ ಇಳಿಯುವ ಅಂಬಲಿಯು ದ್ರವಕ್ಕೆ ಕೆಮ್ಮುವ ಮಗುವಿಗೆ ಅನೇಕ ವೇಳೆ ಒಗ್ಗುತ್ತದೆ. ಅದರ ಮೇಲಿನ ಮೆಟ್ಟಿಲು ನುಣ್ಣಗೆ ಮಸೆದ ಹೆಸರುಬೇಳೆ ಮತ್ತು ಗೋದಿಯ ಸಜ್ಜಕ. ಮುಂದೆ, ಮಜ್ಜಿಗೆಯಲ್ಲೋ ಬೇಳೆಯಲ್ಲೋ ಕಲಸಿದ ಮೆತ್ತನೆಯ ನುಚ್ಚು. ಇಲ್ಲಿ ನಾಲಿಗೆಗೆ ಮೊದಲ ಬಾರಿ ಕಾಳಿನ ಪರಿಚಯವಾಗುತ್ತದೆ. ಅನಂತರ ಬಿಸಿ ರೊಟ್ಟಿಯ ತಿರುಳನ್ನು ಹಾಲಿನಲ್ಲಿ ನೆನೆಸಿ ಕಿವುಚಿದ ತುತ್ತು. ಕೊನೆಗೆ ಬೆರಳುದ್ದ ಹರಿದ ಮೆತ್ತನೆಯ ರೊಟ್ಟಿಯನ್ನು ಪಲ್ಲೆಯೊಡನೆ ಮಗು ತಾನೇ ಹಿಡಿದು ತಿನ್ನುವುದು. ತೂಕ ಕಡಿಮೆಯಿದ್ದರೆ ಪ್ರಮಾಣ ಹೆಚ್ಚಿಸುವುದರ ಬದಲು ತುಪ್ಪವನ್ನೋ ನುಣ್ಣಗೆ ಅರೆದ ಶೇಂಗಾವನ್ನೋ ಬೆರೆಸಿ ತುತ್ತಿನ ಸತ್ವ ಹೆಚ್ಚಿಸಬಹುದು. ಇಡೀ ಶೇಂಗಾಕಾಳು, ಪುಟಾಣಿ, ಒಣಗಿದ ಕಟಕ ರೊಟ್ಟಿಯ ಚೂರುಗಳನ್ನು ಮಾತ್ರ ಎಳೆಯ ಮಕ್ಕಳ ಕೈಗೆ ಕೊಡಕೂಡದು. ಅವು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುತ್ತವೆ.

ಚಿಕಿತ್ಸಕರ ನೆರವು ದೊರೆಯುವ ಬಗೆಯನ್ನೂ ಇಲ್ಲಿ ಹೇಳಬೇಕು. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ವಿದ್ಯೆಯ ತಜ್ಞರನ್ನು ತರಬೇತುಗೊಳಿಸುತ್ತ ಬಂದಿದೆ. ಆದರೆ ಊಟದ ಚಿಕಿತ್ಸೆ ಒಂದು ದಿನದ್ದಲ್ಲ, ತಿಂಗಳುಗಟ್ಟಲೆಯದು. ಹೆದ್ದಾರಿಯ ಮೇಲಿರುವ ಕಿತ್ತೂರಿನಿಂದ ಬೆಳಗಾವಿಗಾಗಲಿ ಧಾರವಾಡಕ್ಕಾಗಲಿ ಹೋಗಿಬರುವುದು ಸುಲಭ. ಸವದತ್ತಿಗೆ ಜಿಲ್ಲಾಕೇಂದ್ರಕ್ಕಿಂತ ಧಾರವಾಡವೇ ಸಮೀಪ. ರಾಮದುರ್ಗದಿಂದ ಬೆಳಗಾವಿ ಸುಮಾರು ೧೦೦ ಕಿಲೋಮೀಟರು. ಕೂಲಿ ಬಿಟ್ಟು, ಇಲ್ಲವೆ ಮಗ್ಗ ನಿಲ್ಲಿಸಿ, ಸೆಟೆದ ಮಗುವನ್ನು ಬಗಲಲ್ಲಿಟ್ಟುಕೊಂಡು ವಾರವಾರವೂ ಬಸ್ಸು ಹತ್ತುವ ತಾಯಿಯ ಶ್ರಮವನ್ನು ಗಣನೆಗೆ ತಾರದ ಚಿಕಿತ್ಸಾಕ್ರಮವು ನಾಲ್ಕು ವಾರದಲ್ಲಿಯೇ ನಿಂತುಹೋಗುವುದು. ಪರೀಕ್ಷೆ ಮತ್ತು ನಿರ್ದೇಶನ ತಜ್ಞರಿಂದ, ನಿತ್ಯದ ಅಭ್ಯಾಸ ಮನೆಯಲ್ಲಿ, ನಡುವಿನ ಮೇಲ್ವಿಚಾರಣೆ ಊರಿನಲ್ಲಿಯೇ, ಹೀಗೆ ಕೆಲಸ ಹಂಚಿಕೊಳ್ಳುವುದೊಂದೇ ನಡೆಯಬಲ್ಲ ದಾರಿ.

ಊರಿನ ಮಟ್ಟದಲ್ಲಿ ಇದಕ್ಕೆ ತಕ್ಕ ಚೌಕಟ್ಟು ಈಗಾಗಲೇ ಇದೆ. ೧೯೭೫ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಮಕ್ಕಳ ತೂಕ ನೋಡುತ್ತಾರೆ. ತೋಳಿನ ಸುತ್ತಳತೆ ೧೧೫ ಮಿಲಿಮೀಟರಿಗಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆಯೆಂದು ಗುರುತಿಸುತ್ತಾರೆ. ೨೦೧೩ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಸಂಚಾರಿ ವೈದ್ಯತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ ಭೇಟಿಯಿತ್ತು ಮೂವತ್ತು ಬಗೆಯ ತೊಂದರೆಗಳಿಗಾಗಿ ಮಕ್ಕಳನ್ನು ಪರೀಕ್ಷಿಸಿ, ಅಗತ್ಯವಿದ್ದವರನ್ನು ಮೇಲಿನ ಚಿಕಿತ್ಸೆಗೆ ಕಳಿಸಬೇಕು. ಸೀಳು ಅಂಗುಳ, ಡೌನ್ ಸಿಂಡ್ರೋಮ್, ಹೃದಯದೋಷ, ಚಲನೆಯ ಹಿಂದುಳಿಕೆ, ತೀವ್ರ ಅಪೌಷ್ಟಿಕತೆ ಇವೆಲ್ಲ ಆ ಪಟ್ಟಿಯಲ್ಲಿವೆ. ಊಟದ ತೊಡಕು ಮಾತ್ರ ಪ್ರತ್ಯೇಕವಾಗಿ ಅದರಲ್ಲಿಲ್ಲ. ಮಗುವನ್ನು ತೂಗುತ್ತೇವೆ, ಅಳೆಯುತ್ತೇವೆ. ಅದು ಉಣ್ಣುವುದನ್ನು ಕುಳಿತು ನೋಡುವುದಿಲ್ಲ. ತಕ್ಕಡಿಯು ಮಗು ಸೊರಗಿದೆಯೆಂದು ತಿಳಿಸೀತೇ ಹೊರತು ಏಕೆ ಸೊರಗಿದೆಯೆಂಬುದನ್ನು ತಿಳಿಸಲಾರದು. ಸೊರಗಿದ ಮಗುವಿಗೆ ಇನ್ನಷ್ಟು ಪೌಷ್ಟಿಕ ಹಿಟ್ಟು ಕೊಟ್ಟು ಕಳಿಸಿದರೆ, ನುಂಗಲಾರದ ಮಗುವಿನ ಮನೆಯಲ್ಲಿ ಬಲವಂತವೇ ಇನ್ನಷ್ಟಾಗುತ್ತದೆ.

ಆದಕಾರಣ, ತೂಕ ಏರದ ಪ್ರತಿ ಮಗುವಿನ ಒಂದು ಊಟವನ್ನಾದರೂ ಅಂಗನವಾಡಿ ಕಾರ್ಯಕರ್ತೆ ಮೊದಲಿನಿಂದ ಕೊನೆಯವರೆಗೆ ಕಣ್ಣಾರೆ ನೋಡುವ ರೂಢಿ ಬರಬೇಕೆಂದು ಸೂಚಿಸಬಹುದಾಗಿದೆ. ಇದಕ್ಕೆ ಯಂತ್ರವಾಗಲಿ ಹಣವಾಗಲಿ ಬೇಕಿಲ್ಲ. ಊಟದ ನಡುವೆ ಕೆಮ್ಮು ಅಥವಾ ಉಸಿರುಗಟ್ಟುವಿಕೆ, ಉಂಡ ಮೇಲೆ ಗೊಳಗೊಳ ಎನ್ನುವ ಒದ್ದೆ ಧ್ವನಿ, ಮೂಗಿನಿಂದ ಹಾಲು, ಬೆವರು ಮತ್ತು ನೀಲಿಗಟ್ಟುವ ತುಟಿ, ಕೆನ್ನೆಯಲ್ಲಿ ಉಳಿದ ತುತ್ತು, ಸೆಟೆಯುವ ಬೆನ್ನು, ವರ್ಷ ತುಂಬಿದರೂ ನುಣುಪಾದುದನ್ನಲ್ಲದೆ ಬೇರೇನನ್ನೂ ಒಪ್ಪದಿರುವುದು, ಪದೇಪದೇ ಎದೆಯ ಕಫ, ಇವುಗಳಲ್ಲಿ ಯಾವುದೊಂದು ಕಂಡರೂ ಆ ಮಗುವನ್ನು ವೈದ್ಯತಂಡಕ್ಕೆ ತೋರಿಸಬೇಕು. ನೀಲಿಗಟ್ಟಿದ ಅಥವಾ ಉಸಿರಿಗೆ ಒದ್ದಾಡುವ ಮಗುವನ್ನು ತಂಡ ಬರುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಉಪಸಂಹಾರ

ಎಲ್ಲ ಮಕ್ಕಳೂ ಎಲ್ಲವನ್ನೂ ಉಣ್ಣುವಂತಾಗುವರೆಂದು ಈ ಚಿಕಿತ್ಸೆ ಭರವಸೆ ಕೊಡುವುದಿಲ್ಲ. ತೀವ್ರವಾದ ನರದೋಷವುಳ್ಳ ಕೆಲವರಿಗೆ ನಳಿಕೆಯ ಆಹಾರವೇ ಗತಿಯಾಗಬಹುದು. ಅದನ್ನು ಸೋಲೆಂದು ತಿಳಿಯಬೇಕಾಗಿಲ್ಲ, ಏಕೆಂದರೆ ಹೊಟ್ಟೆ ತುಂಬಿದ ಮಗುವಿಗೆ ರುಚಿಗಾಗಿ ಒಂದು ಹನಿಯನ್ನು ನಾಲಿಗೆಗೆ ತಾಗಿಸಲು ಬಿಡುವು ದೊರೆಯುತ್ತದೆ. ಉಳಿದ ಬಹುಮಂದಿಯಲ್ಲಿ ಸುಧಾರಣೆ ನಿಧಾನವಾಗಿಯಾದರೂ ಸಾಧ್ಯ. ಇಂದು ಮೂರು ಗುಟುಕು ಕೆಮ್ಮಿಲ್ಲದೆ ಇಳಿದರೆ ಅದು ಆ ದಿನದ ಗಳಿಕೆ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳುವುದು ಅವಶ್ಯ. ಉಣ್ಣಲಾರದ ಮಗುವಿನ ಮನೆಯಲ್ಲಿ ಮೊದಲು ದೂರಿಗೆ ಗುರಿಯಾಗುವವಳು ತಾಯಿ. ಆ ದೂರಿನಿಂದ ಅವಳು ನೊಂದು ಮಗುವನ್ನು ಒತ್ತಾಯಿಸುತ್ತಾಳೆ; ಒತ್ತಾಯದಿಂದ ಮಗು ಇನ್ನಷ್ಟು ಬಾಯಿ ಮುಚ್ಚುತ್ತದೆ. ಮಗುವಿಗೆ ಉಣ್ಣಲು ಬರುವುದಿಲ್ಲ, ಕಲಿಸಿದರೆ ಬಂದೀತು ಎಂಬ ತಿಳಿವು ಅತ್ತೆಗೂ ಗಂಡನಿಗೂ ನೆರೆಹೊರೆಯವರಿಗೂ ಮೂಡಿದ ದಿನ ಈ ಸರಪಳಿ ಕಡಿಯುತ್ತದೆ. ಚಿಕಿತ್ಸೆಯ ಆರಂಭವೂ ಅಲ್ಲಿಂದಲೇ.